ಇಸಿಎಂ ಹೋಗಿದೆ ಅನ್ನುವ ಮುಂಚೆ ಕಪ್ಲರ್ ಬಿಚ್ಚಿ ನೋಡಿ

ಕಳೆದ ಮಳೆಗಾಲದಲ್ಲಿ ಮಂಗಳೂರಿನಿಂದ ಲೋಡ್ ಹಾಕಿಕೊಂಡು ಬರುತ್ತಿದ್ದ ಹತ್ತು ಚಕ್ರದ ಲಾರಿಯೊಂದು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಸುಸ್ತಾಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ, ಚೆಕ್ ಇಂಜಿನ್ ದೀಪ ಹತ್ತಿಕೊಂಡಿದೆ, ಹಿಂದೆ ಬಸ್ಸುಗಳ ಹಾರ್ನ್. ಡ್ರೈವರ್ ಹೇಗೋ ಮೊದಲ ಗೇರಿನಲ್ಲೇ ಎಳೆದು ಸಕಲೇಶಪುರ ಮುಟ್ಟಿಸಿದ. ಅಲ್ಲಿಂದ ಮುಂದೆ ಮಾಮೂಲಿ ಕಥೆ. ಒಬ್ಬರು ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅಂದರು, ಇನ್ನೊಬ್ಬರು ಇಂಜಿನ್ ವೈರಿಂಗ್ ಪೂರ್ತಿ ಬದಲಾಯಿಸಬೇಕು ಅಂದರು, ಮೂರನೆಯವರು ಡೀಸೆಲ್ ಪೈಪಿನ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸಾರ್ ಹೊಸದು ಹಾಕಿಯೇಬಿಟ್ಟರು. ಏನೂ ಸರಿಹೋಗಲಿಲ್ಲ. ಗಾಡಿ ನನ್ನ ಹತ್ತಿರ ಬರುವ ಹೊತ್ತಿಗೆ ಮಾಲೀಕರ ಮುಖ ನೋಡುವ ಹಾಗಿರಲಿಲ್ಲ.

ವೈರಿಂಗ್ ಕಟ್ಟು ಇಸಿಎಂಗೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಕನೆಕ್ಟರ್, ಅದೇ ಕಪ್ಲರ್, ಬಿಚ್ಚಿ ಟಾರ್ಚ್ ಬಿಟ್ಟೆ. ನೂರಕ್ಕೂ ಜಾಸ್ತಿ ಪಿನ್‌ಗಳಲ್ಲಿ ಒಂದೇ ಒಂದರ ಒಳಗೆ ಹಸಿರು. ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ಒಂದು ಟರ್ಮಿನಲ್ (ವೈರಿನ ತುದಿಯ ಲೋಹದ ಕಾಂಟ್ಯಾಕ್ಟ್), ಒಂದು ಗೇಣು ವೈರ್, ಮೂರು ಗಂಟೆ ಕೆಲಸ. ಅದರಲ್ಲಿ ಎರಡೂವರೆ ಗಂಟೆ ಹುಡುಕುವುದಕ್ಕೇ ಹೋಯಿತು. ಈ ಕೆಲಸ ಯಾವಾಗಲೂ ಹೀಗೇ, ರಿಪೇರಿ ಚಿಕ್ಕದು, ಹುಡುಕಾಟ ದೊಡ್ಡದು. ಅದಕ್ಕೇ ಹುಡುಕುವುದರಿಂದಲೇ ಶುರು ಮಾಡುತ್ತೇನೆ.

ಒಂದು ಸಣ್ಣ ಪಿನ್ನಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಮಲಗುತ್ತದೆ? ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗೆ ವೈರ್ ಅಂದರೆ ಸ್ಟಾರ್ಟರ್, ಲೈಟು, ಹಾರ್ನು, ಅಷ್ಟೇ. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲಾ ಹೊಗೆ ನಿಯಮ ಬಿಎಸ್ 4 ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂತು. ಈಗ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಅನ್ನುವುದನ್ನೆಲ್ಲಾ ಇಸಿಎಂ ನಿರ್ಧಾರ ಮಾಡುತ್ತದೆ. ಗಾಡಿ 24 ವೋಲ್ಟ್ ಆದರೂ ರೈಲ್ ಪ್ರೆಶರ್ ಸೆನ್ಸಾರಿಗೆ ಹೋಗುವುದು ಬರೀ 5 ವೋಲ್ಟ್. ಅದು ವಾಪಸ್ ಕಳಿಸುವ ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟ್ ಒಳಗೆ. ಆ ನಾಲ್ಕು ವೋಲ್ಟಿನಲ್ಲಿ ಸಾವಿರಾರು ಬಾರ್ ಒತ್ತಡದ ಲೆಕ್ಕ ಇದೆ. ಕಿಲುಬು ಅರ್ಧ ವೋಲ್ಟ್ ತಿಂದರೆ ಇಸಿಎಂ ಲೆಕ್ಕ ನೂರಾರು ಬಾರ್ ತಪ್ಪುತ್ತದೆ. ತಪ್ಪು ಅಂತ ಅದಕ್ಕೆ ಗೊತ್ತಾದರೆ ಇಂಜಿನ್ ಉಳಿಸಿಕೊಳ್ಳಲು ಪವರ್ ಕಡಿಮೆ ಮಾಡುತ್ತದೆ. ಲಿಂಪ್ ಮೋಡ್ ಅನ್ನುವುದು ಇದನ್ನೇ.

ಈಗ ಕೆಲಸಕ್ಕೆ ಬರೋಣ. ಇಗ್ನಿಷನ್ ಆಫ್ ಮಾಡಿದ ತಕ್ಷಣ ಬ್ಯಾಟರಿ ಕಟಾಫ್ ಸ್ವಿಚ್ ತಿರುಗಿಸಬೇಡಿ. ಕೀ ತೆಗೆದ ಮೇಲೂ ಇಸಿಎಂ ಸ್ವಲ್ಪ ಹೊತ್ತು ಎಚ್ಚರ ಇರುತ್ತದೆ, ಡೇಟಾ ಬರೆದುಕೊಳ್ಳುತ್ತದೆ. ಯೂರಿಯಾ ಟ್ಯಾಂಕ್ ಇರುವ ಗಾಡಿಯಲ್ಲಿ ಲೈನಿನಲ್ಲಿರುವ ಡಿಇಎಫ್, ಅಂದರೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ, ವಾಪಸ್ ಎಳೆದುಕೊಳ್ಳಲು ಪಂಪ್ ಓಡುತ್ತಿರುತ್ತದೆ, ಕಿವಿಗೊಟ್ಟರೆ ಕೇಳಿಸುತ್ತದೆ. ಒಂದು ಟೀ ಕುಡಿದು ಬನ್ನಿ. ಐದು ನಿಮಿಷ ಆದ ಮೇಲೆ ಕಟಾಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇನ್ನೊಂದು ಮಾತು, ಇಂಜಿನ್ ಓಡುತ್ತಿರುವಾಗ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ವೈರಿಗೆ ಕೈ ಹಾಕಬೇಡಿ. ಇಂಜೆಕ್ಟರ್ ತೆರೆಯುವುದಕ್ಕೆ ಇಸಿಎಂ ವೋಲ್ಟೇಜ್ ಏರಿಸಿ ಕೊಡುತ್ತದೆ, 60 ವೋಲ್ಟ್ ದಾಟಿರಬಹುದು. 24 ವೋಲ್ಟ್ ತಾನೇ ಅಂದುಕೊಂಡು ಹಿಡಿದರೆ ಶಾಕ್ ಗ್ಯಾರಂಟಿ.

ಬ್ಯಾಟರಿ ತೆಗೆಯುವ ಮುಂಚೆ ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಂಡಿರಬೇಕು. ಲಾರಿಯಲ್ಲಿ ಬಹಳಷ್ಟು ಸಲ ಎಸ್‌ಪಿಎನ್, ಎಫ್‌ಎಂಐ ಅಂತ ಎರಡು ನಂಬರ್ ಬರುತ್ತವೆ. ಮೊದಲನೆಯದು ಯಾವ ಭಾಗ ಅಂತ ಹೇಳುತ್ತದೆ: 157 ಅಂದರೆ ರೈಲ್ ಪ್ರೆಶರ್, 190 ಇಂಜಿನ್ ಸ್ಪೀಡ್, 91 ಆಕ್ಸಿಲರೇಟರ್ ಪೆಡಲ್, 110 ಕೂಲೆಂಟ್ ಬಿಸಿ. ಎರಡನೆಯದು ಏನಾಗಿದೆ ಅಂತ ಹೇಳುತ್ತದೆ. ಎಫ್‌ಎಂಐ 3 ಅಂದರೆ ವೋಲ್ಟೇಜ್ ಜಾಸ್ತಿ, 4 ಅಂದರೆ ಕಡಿಮೆ, 5 ಅಂದರೆ ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ಕಟ್, 2 ಅಂದರೆ ರೀಡಿಂಗ್ ನಂಬುವ ಹಾಗಿಲ್ಲ. 3, 4, 5 ಬಂದರೆ ಸೆನ್ಸಾರ್ ತರಲು ಓಡಬೇಡಿ, ಮೊದಲು ವೈರ್ ಮತ್ತು ಕಪ್ಲರ್ ನೋಡಿ. ನಮ್ಮ ಘಾಟಿ ಲಾರಿಯಲ್ಲಿ ಇದ್ದದ್ದು 157, 4. ಸಂಬಂಧವೇ ಇಲ್ಲದ ನಾಲ್ಕೈದು ಸೆನ್ಸಾರುಗಳ ಕೋಡ್ ಒಟ್ಟಿಗೆ ಬಂದರೆ ಅವೆಲ್ಲಾ ಒಂದೇ ದಿನ ಸತ್ತಿಲ್ಲ. ಅವುಗಳಿಗೆ ಹಂಚಿ ಹೋಗುವ 5 ವೋಲ್ಟ್ ಅಥವಾ ಅರ್ಥ್ ವೈರ್ ಕೈಕೊಟ್ಟಿದೆ.

ಬ್ಯಾಟರಿ ತೆಗೆಯುವ ಮುಂಚೆಯೇ ಇಂಜಿನ್ ಐಡಲ್‌ನಲ್ಲಿಟ್ಟು, ಸ್ಕ್ಯಾನರಿನಲ್ಲಿ ಲೈವ್ ರೀಡಿಂಗ್ ಇಟ್ಟುಕೊಂಡು, ವೈರಿಂಗ್ ಕಟ್ಟನ್ನು ಗೇಣು ಗೇಣಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಬನ್ನಿ, ಇಂಜೆಕ್ಟರ್ ವೈರುಗಳ ಕಟ್ಟೊಂದನ್ನು ಬಿಟ್ಟು. ಕಪ್ಲರ್ ಹತ್ತಿರ ಅಲ್ಲಾಡಿಸಿದಾಗ ರೀಡಿಂಗ್ ಕುಣಿದರೆ ಕಳ್ಳ ಅಲ್ಲೇ ಇದ್ದಾನೆ.

ಕಪ್ಲರ್ ಬಿಚ್ಚುವ ಮುಂಚೆ ಹೊರಗಿನ ಮಣ್ಣು, ಗ್ರೀಸ್, ನೀರು ಎಲ್ಲಾ ಒರೆಸಿ ಒಣಗಿಸಿ. ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಆ ಮಣ್ಣು ಒಳಗೆ ಬೀಳುತ್ತದೆ. ಚಾಸಿಸ್ ಕಬ್ಬಿಣ ಒಂದು ಸಲ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ದೊಡ್ಡ ಕಪ್ಲರ್‌ಗಳಿಗೆ ಒಂದು ಲಿವರ್ ಲಾಕ್ ಇರುತ್ತದೆ, ಅದರ ಚಿಕ್ಕ ಗುಂಡಿ ಒತ್ತಿ ಲಿವರ್ ಪೂರ್ತಿ ತಿರುಗಿಸಿದರೆ ಕಪ್ಲರ್ ತಾನೇ ಮೇಲೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುವವರನ್ನು ನೋಡಿದ್ದೇನೆ, ಅವರ ಗಾಡಿಗಳ ಲಾಕುಗಳನ್ನೂ ನೋಡಿದ್ದೇನೆ. ವೈರ್ ಹಿಡಿದು ಎಳೆಯುವುದಂತೂ ಬೇಡವೇ ಬೇಡ.

ಬಿಚ್ಚಿದ ಮೇಲೆ ಏನನ್ನೂ ಮುಟ್ಟದೆ ಫೋಟೋ ತೆಗೆಯಿರಿ, ಎರಡೂ ಕಡೆಯದು. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ಬರಿಗಣ್ಣಿಗೆ ಕಾಣದ್ದು ಕಾಣುತ್ತದೆ. ಹಸಿರು ಇದ್ದರೆ ನೀರು ಕುಡಿದಿದೆ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಆ ಪಿನ್ ಸಡಿಲ ಆಗಿ ಬಿಸಿಯಾಗಿದೆ, ಸಾಮಾನ್ಯವಾಗಿ ಅದು ಪವರ್ ಅಥವಾ ಅರ್ಥ್ ಪಿನ್. ಸಾಲಿನಲ್ಲಿ ಒಂದು ಟರ್ಮಿನಲ್ ಮಾತ್ರ ಒಳಗೆ ಕುಳಿತಿದ್ದರೆ ಅದರ ಲಾಕ್ ಮುರಿದು ಹಿಂದಕ್ಕೆ ಜಾರಿದೆ. ಎಣ್ಣೆ ಜಿನುಗಿದ್ದರೆ ಆಶ್ಚರ್ಯ ಪಡಬೇಡಿ. ಆಯಿಲ್ ಪ್ರೆಶರ್ ಸೆನ್ಸಾರ್ ಒಳಗೆ ಲೀಕ್ ಆದರೆ ಎಣ್ಣೆ ವೈರಿನ ಎಳೆಗಳ ಸಂದಿಯಲ್ಲೇ ದೀಪದ ಬತ್ತಿಯಲ್ಲಿ ಏರುವ ಹಾಗೆ ಹತ್ತಿಕೊಂಡು, ಎರಡು ಮೀಟರ್ ದೂರದ ಇಸಿಎಂ ಕಪ್ಲರಿಗೆ ಬಂದು ತಲುಪುತ್ತದೆ. ನೀರೂ ಹಾಗೇ ಬರುತ್ತದೆ. ಹಾಗಾಗಿದ್ದರೆ ಕಪ್ಲರ್ ಎಷ್ಟು ಸಲ ಒರೆಸಿದರೂ ಪ್ರಯೋಜನವಿಲ್ಲ, ಮೂಲದಲ್ಲಿರುವ ಸೆನ್ಸಾರ್ ಬದಲಾಯಿಸಬೇಕು.

ಮಲ್ಟಿಮೀಟರಿನ ಚೂಪು ಕಡ್ಡಿಯನ್ನು ಟರ್ಮಿನಲ್ ಬಾಯಿಗೆ ತುರುಕಬೇಡಿ. ಇಲಿ ಕಡಿದು ಹಾಳಾದ ವೈರಿಂಗಿಗಿಂತ ಹೀಗೆ ಮನುಷ್ಯರೇ ಚುಚ್ಚಿ ಹಾಳು ಮಾಡಿದ್ದನ್ನು ನಾನು ಜಾಸ್ತಿ ನೋಡಿದ್ದೇನೆ. ಈ ಟರ್ಮಿನಲ್‌ಗಳ ಬಾಯಿ ಬಹಳ ಚಿಕ್ಕದು, ಸೆನ್ಸಾರ್ ಪಿನ್ನಿನ ಅಗಲ 0.6 ಮಿಲಿಮೀಟರ್ ಅಷ್ಟೇ ಇರಬಹುದು. 2 ಮಿಲಿಮೀಟರ್ ಕಡ್ಡಿ ತುರುಕಿದರೆ ಒಳಗಿನ ಸ್ಪ್ರಿಂಗ್ ಬಾಯಿ ಬಿಡುತ್ತದೆ, ಆಮೇಲೆ ಅದು ಪಿನ್ನನ್ನು ಹಿಡಿಯುವುದಿಲ್ಲ. ಅವತ್ತು ಸರಿ ಇದ್ದಂತೆ ಕಾಣುತ್ತದೆ. ಹದಿನೈದು ದಿನ ಬಿಟ್ಟು ಗುಂಡಿ ರಸ್ತೆಯಲ್ಲಿ ಗಾಡಿ ನಿಲ್ಲುತ್ತದೆ. ಅದೇ ಅಳತೆಯ ಗಂಡು ಪಿನ್ ಒಂದನ್ನು ವೈರಿಗೆ ಹಾಕಿಕೊಂಡು ಇಟ್ಟುಕೊಳ್ಳಿ. ಅದನ್ನು ತೂರಿಸಿ ಮೀಟರಿಗೆ ಸಿಕ್ಕಿಸಿದರೆ ಅಳತೆಯೂ ಆಗುತ್ತದೆ, ಹಿಡಿತವೂ ಗೊತ್ತಾಗುತ್ತದೆ. ಒಳ್ಳೆಯ ಟರ್ಮಿನಲ್‌ನಿಂದ ಪಿನ್ ಹೊರಗೆ ಎಳೆದಾಗ ಕೈಗೆ ಒಂದು ಬಿಗಿ ಸಿಗುತ್ತದೆ. ಬೆಣ್ಣೆಯಿಂದ ತೆಗೆದ ಹಾಗೆ ಸುಮ್ನೆ ಬಂದುಬಿಟ್ಟರೆ ಆ ಟರ್ಮಿನಲ್ ಮುಗಿಯಿತು. ಅನುಮಾನ ಇದ್ದರೆ ಪಕ್ಕದ ನಾಲ್ಕು ಟರ್ಮಿನಲ್ ಜೊತೆ ಹೋಲಿಸಿ ನೋಡಿ.

ವೈರ್ ಪರೀಕ್ಷೆಗೆ ಎರಡೂ ತುದಿ ಬಿಚ್ಚಿರಬೇಕು. ಇಸಿಎಂ ಕಡೆಯಿಂದ ಸೆನ್ಸಾರ್ ಕಡೆಗೆ ಒಂದು ಓಮ್ ಒಳಗೆ ಬರಬೇಕು, ಪಕ್ಕದ ವೈರಿಗೂ ಚಾಸಿಸ್ಸಿಗೂ ಸಂಪರ್ಕವೇ ತೋರಿಸಬಾರದು. ಆದರೆ ಮೀಟರನ್ನು ಪೂರ್ತಿ ನಂಬಬೇಡಿ. ಅದು ಕಳಿಸುವ ಕರೆಂಟ್ ತೀರಾ ಕಡಿಮೆ, ಕಿಲುಬಿನ ಮೇಲೂ ಕೆಲವೊಮ್ಮೆ ದಾಟಿಬಿಡುತ್ತದೆ. ಪವರ್ ಮತ್ತು ಅರ್ಥ್ ವೈರುಗಳಿಗೆ ನಾನು ಇಂಡಿಕೇಟರಿನ 24 ವೋಲ್ಟ್ 21 ವಾಟ್ ಬಲ್ಬ್ ಹಾಕಿ ನೋಡುತ್ತೇನೆ, ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಬಲ್ಬ್ ಉರಿಯುವಾಗ ವೈರಿನ ಆ ತುದಿಗೂ ಈ ತುದಿಗೂ ವೋಲ್ಟೇಜ್ ಅಳೆಯಿರಿ, 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅಲ್ಲೆಲ್ಲೋ ತಿನ್ನುತ್ತಿದೆ. ವೈರ್ ಅಲ್ಲಾಡಿಸಿ, ಬಲ್ಬ್ ಮಿಣುಕಬಾರದು. ಇದಕ್ಕೆ ಮಾತ್ರ ಬ್ಯಾಟರಿ ಬೇಕಲ್ಲ, ಆಗ ಕಪ್ಲರ್ ಇಸಿಎಂನಿಂದ ಹೊರಗೇ ಇರಲಿ. ಬಲ್ಬನ್ನು ಇಸಿಎಂ ಪಿನ್ನಿಗೆ ತಾಗಿಸಿದರೆ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಡಬಹುದು, ಆಮೇಲೆ ಇಸಿಎಂ ನಿಜವಾಗಿಯೂ ಹೋಗುತ್ತದೆ.

ಸ್ಕ್ಯಾನರ್ ಕನೆಕ್ಟೇ ಆಗದಿದ್ದರೆ ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಎರಡು ವೈರ್, ನೋಡಿ. ಬ್ಯಾಟರಿ ತೆಗೆದು, ಎಲ್ಲಾ ಕಪ್ಲರ್ ಹಾಕಿಟ್ಟು, ಎರಡು ಕ್ಯಾನ್ ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು, ಯಾಕೆಂದರೆ ಎರಡು ತುದಿಯಲ್ಲೂ 120ರ ಒಂದೊಂದು ರೆಸಿಸ್ಟರ್ ಇದೆ. 120 ಬಂದರೆ ಒಂದು ಕಡೆ ಕಟ್ ಆಗಿದೆ, ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ.

ಕಿಲುಬು ಮೇಲೆ ಮೇಲೆ ಮಾತ್ರ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿ, ಗಾಳಿಗೆ ಒಣಗಲು ಬಿಡಿ. ಪೆಟ್ರೋಲ್ ಬೇಡ, ಥಿನ್ನರ್ ಬೇಡ, ರಬ್ಬರ್ ಸೀಲ್ ಊದಿಕೊಳ್ಳುತ್ತದೆ. ಎಮೆರಿ ಪೇಪರ್ ಅಂತೂ ಬೇಡ, ಪಿನ್ನಿನ ಮೇಲಿರುವ ತೆಳು ಲೇಪ ಹೋದರೆ ಒಂದೇ ಮಳೆಗಾಲದಲ್ಲಿ ಮತ್ತೆ ಕಿಲುಬು. ಟರ್ಮಿನಲ್ ಒಳಗೆ, ವೈರ್ ಸೇರುವ ಜಾಗದಲ್ಲಿ ಹಸಿರು ಕಂಡರೆ ತೊಳೆಯುವುದರಲ್ಲಿ ಅರ್ಥವಿಲ್ಲ. ಕಟ್ ಮಾಡಿ ಹೊಸದು ಹಾಕಿ.

ಟರ್ಮಿನಲ್ ತೆಗೆಯುವುದು ತಾಳ್ಮೆಯ ಕೆಲಸ. ಕಪ್ಲರ್ ಹಿಂದಿನ ಮುಚ್ಚಳ ತೆಗೆಯಿರಿ, ಆಮೇಲೆ ಬೇರೆ ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ, ಅದು ಎಲ್ಲಾ ಟರ್ಮಿನಲ್‌ಗಳ ಎರಡನೇ ಲಾಕ್. ಅದನ್ನು ಪಕ್ಕಕ್ಕೆ ಸರಿಸದೆ ಎಷ್ಟು ಎಳೆದರೂ ಬರುವುದಿಲ್ಲ, ವೈರ್ ಮಾತ್ರ ಕಿತ್ತು ಬರುತ್ತದೆ. ಪಿನ್ ತೆಗೆಯುವ ಟೂಲ್ ಅನ್ನು ಮುಂದಿನಿಂದ ಹಾಕಿ, ವೈರನ್ನು ಹಿಂದಿನಿಂದ ಮೊದಲು ಒಂದು ಕೂದಲೆಳೆ ಒಳಗೆ ತಳ್ಳಿ, ಆಗ ಲಾಕಿನ ನಾಲಿಗೆ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಎಳೆಯಿರಿ, ಜಾರಿಕೊಂಡು ಬರುತ್ತದೆ. ನನಗೆ ಕೆಲಸ ಕಲಿಸಿದವರ ಹತ್ತಿರ ಈ ಟೂಲ್ ಇರಲಿಲ್ಲ, ಹಳೆಯ ಕೊಡೆಕಡ್ಡಿಯನ್ನು ಉಜ್ಜಿ ತೆಳು ಮಾಡಿಕೊಂಡಿದ್ದರು. ಅದೂ ನಡೆಯುತ್ತದೆ, ಆದರೆ ಅವರ ಕೈ ನಿಮಗೆ ಇರಬೇಕು. ಹೊಸಬರು ಟೂಲ್ ಸೆಟ್ ತೆಗೆದುಕೊಳ್ಳಿ.

ಹೊಸ ಟರ್ಮಿನಲ್ ಹಳೆಯದರ ಜೊತೆ ಇಟ್ಟು ನೋಡಿ: ಅಗಲ, ಲಾಕ್ ನಾಲಿಗೆ, ಬಣ್ಣ. ಹಳೆಯದು ಚಿನ್ನದ ಲೇಪದ್ದಾಗಿದ್ದರೆ ಹೊಸದೂ ಚಿನ್ನದ್ದೇ ಆಗಬೇಕು, ತವರದ್ದಾಗಿದ್ದರೆ ತವರದ್ದು. ಎರಡು ಬೇರೆ ಲೋಹ ತಾಗಿಕೊಂಡು ಗಾಡಿಯ ಅದುರುವಿಕೆಗೆ ಉಜ್ಜುತ್ತಿದ್ದರೆ ಕಾಂಟ್ಯಾಕ್ಟ್ ಬೇಗ ಕೆಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಅಂಗಡಿ ಸುತ್ತಿದರೆ ವೈರ್ ಸಮೇತ ಇರುವ ಕಪ್ಲರ್ ಸಿಗಬಹುದು. ಕ್ರಿಂಪಿಂಗ್ ಪ್ಲೈಯರ್, ಹೀಟ್ ಶ್ರಿಂಕ್ ಸ್ಲೀವ್‌ಗೆ ಎಸ್.ಪಿ. ರಸ್ತೆ. ಇನ್ನೂ ಒಂದು ದಾರಿ ಇದೆ. ಅದೇ ಮಾಡೆಲ್ ಗಾಡಿ ಗುಜರಿಗೆ ಬಂದಿದ್ದರೆ ಕಪ್ಲರನ್ನು ಒಂದು ಗೇಣು ವೈರ್ ಸಮೇತ ಕತ್ತರಿಸಿ ತಂದಿಟ್ಟುಕೊಳ್ಳಿ. ನನ್ನ ಹತ್ತಿರ ಅಂಥದ್ದೇ ಒಂದು ಬಿಸ್ಕೆಟ್ ಡಬ್ಬ ತುಂಬಾ ಇದೆ.

ಈಗ ಕ್ರಿಂಪ್, ಅಂದರೆ ಟರ್ಮಿನಲ್ಲನ್ನು ವೈರಿಗೆ ಒತ್ತಿ ಹಿಡಿಸುವುದು. ವೈರಿಗೆ ಪುಟ್ಟ ರಬ್ಬರ್ ಸೀಲ್ ಇದ್ದರೆ ಅದನ್ನು ಮೊದಲು ತೂರಿಸಿ. ಎಲ್ಲಾ ಚೆನ್ನಾಗಿ ಒತ್ತಿ ಮುಗಿಸಿದ ಮೇಲೆ ಸೀಲ್ ಟೇಬಲ್ ಮೇಲೆ ನಗುತ್ತಾ ಕೂತಿರುವುದು ನನಗೂ ಎಷ್ಟೋ ಸಲ ಆಗಿದೆ. ನಾಲ್ಕೈದು ಮಿಲಿಮೀಟರ್ ಇನ್ಸುಲೇಷನ್ ಸುಲಿಯಿರಿ, ಒಂದು ಎಳೆಯೂ ತುಂಡಾಗಬಾರದು. ತಾಮ್ರ ಕೆಂಪಗೆ ಹೊಳೆಯಬೇಕು. ಕಪ್ಪಾಗಿದ್ದರೆ ಇನ್ನೂ ಒಂದು ಇಂಚು ಹಿಂದಕ್ಕೆ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ. ಟರ್ಮಿನಲ್‌ಗೆ ಎರಡು ಜೊತೆ ರೆಕ್ಕೆ ಇರುತ್ತವೆ. ಮುಂದಿನ ಜೊತೆ ತಾಮ್ರಕ್ಕೆ, ಹಿಂದಿನ ಜೊತೆ ಇನ್ಸುಲೇಷನ್ ಅಥವಾ ಸೀಲಿಗೆ. ರ‍್ಯಾಚೆಟ್ ಪ್ಲೈಯರಿನಲ್ಲಿ ಸರಿಯಾದ ಮನೆ ನೋಡಿ ಕಟಕಟ ಅಂತ ಬಿಡುವ ತನಕ ಒತ್ತಿ. ಸರಿ ಬಂದಿದ್ದರೆ ಎರಡು ರೆಕ್ಕೆಗಳು ಮೀಸೆ ತಿರುವಿದ ಹಾಗೆ ಒಳಕ್ಕೆ ಸುರುಳಿ ಸುತ್ತಿ ತಾಮ್ರದೊಳಗೆ ಇಳಿದಿರುತ್ತವೆ, ಮುಂದೆ ಎಳೆಗಳ ತುದಿ ಒಂದು ಸಾಸಿವೆಯಷ್ಟು ಕಾಣುತ್ತದೆ. ಗಟ್ಟಿಯಾಗಿ ಎಳೆದು ನೋಡಿ. ಕಿತ್ತು ಬರುವುದಿದ್ದರೆ ಇಲ್ಲೇ ಬರಲಿ, ಘಾಟಿಯಲ್ಲಿ ಬೇಡ.

ಬೆಸುಗೆ ಯಾಕೆ ಹಾಕಬಾರದು ಅಂತ ಕೇಳುವವರು ಬಹಳ ಜನ. ಮನೆಯ ರೇಡಿಯೋಗೆ ಬೆಸುಗೆ ಚೆನ್ನ. ಲಾರಿ ಇಂಜಿನ್ ಮೇಲೆ ಬೆಸುಗೆ ವೈರಿನ ಎಳೆಗಳ ಒಳಗೆ ಹರಿದು ಅಷ್ಟು ಭಾಗವನ್ನು ಕಡ್ಡಿ ಮಾಡಿಬಿಡುತ್ತದೆ, ಅದು ಮುಗಿಯುವ ಗೆರೆಯಲ್ಲಿ ಅದುರಿ ಅದುರಿ ವೈರ್ ಮುರಿಯುತ್ತದೆ. ಹೊರಗೆ ಇನ್ಸುಲೇಷನ್ ಸರಿ ಇರುವುದರಿಂದ ಮುರಿದದ್ದು ಕಾಣುವುದೂ ಇಲ್ಲ. ಒಳ್ಳೆಯ ಕ್ರಿಂಪ್ ಸಾಕು.

ವೈರ್ ಜೋಡಿಸಬೇಕಾದರೆ ಅದೇ ದಪ್ಪದ ವೈರ್ ಹಾಕಿ, ಸಾಧ್ಯವಾದರೆ ಅದೇ ಬಣ್ಣ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ, ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಜಿನುಗಿ ಬರಬೇಕು. ಜೋಡಣೆ ಕಪ್ಲರಿನಿಂದ ಎರಡು ಇಂಚಾದರೂ ದೂರ ಇರಲಿ. ಐದಾರು ವೈರ್ ಇದ್ದರೆ ಒಂದೊಂದನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ಎಲ್ಲಾ ಜೋಡಣೆ ಒಂದೇ ಕಡೆ ಬಂದರೆ ವೈರಿಂಗ್ ಇಲಿ ನುಂಗಿದ ಹಾವಿನ ಹಾಗೆ ಉಬ್ಬುತ್ತದೆ, ಕ್ಲಾಂಪಿಗೂ ಕೂರುವುದಿಲ್ಲ. ಕ್ಯಾನ್ ವೈರ್, ಕ್ರ್ಯಾಂಕ್ ಸೆನ್ಸಾರ್ ವೈರ್ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅದು ಅಂದಕ್ಕಲ್ಲ, ಪಕ್ಕದ ವೈರುಗಳ ಗದ್ದಲ ಸಿಗ್ನಲ್ಲಿಗೆ ತಾಗದಿರಲಿ ಅಂತ. ಎರಡು ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ, ಮುಗಿದ ಮೇಲೆ ಹಾಗೇ ಹೆಣೆಯಿರಿ.

ಕಪ್ಲರಿನ ಪ್ಲಾಸ್ಟಿಕ್ಕೇ ಮುರಿದಿದ್ದರೆ ಹೊಸ ಕಪ್ಲರಿಗೆ ಟರ್ಮಿನಲ್‌ಗಳನ್ನು ಒಂದೊಂದಾಗಿ ಸಾಗಿಸಿ. ಒಂದು ತೆಗೆದು, ಅದೇ ನಂಬರಿನ ಮನೆಗೆ ಹಾಕಿ, ಆಮೇಲೆ ಇನ್ನೊಂದು. ಮೂಲೆಗಳಲ್ಲಿ ಪಿನ್ ನಂಬರ್ ಸಣ್ಣದಾಗಿ ಅಚ್ಚು ಹಾಕಿರುತ್ತದೆ. ಎಲ್ಲಾ ಒಟ್ಟಿಗೆ ಕಿತ್ತು ಹಾಕಿ ಆಮೇಲೆ ಫೋಟೋ ನೋಡಿ ಜೋಡಿಸುತ್ತೇನೆ ಅನ್ನುವ ಧೈರ್ಯ ಬೇಡ. 5 ವೋಲ್ಟ್ ಜಾಗಕ್ಕೆ 24 ವೋಲ್ಟ್ ಹೋದರೆ ಒಂದು ಕ್ಷಣ ಸಾಕು. ಬರೀ ಲಾಕ್ ಮುರಿದಿದ್ದರೆ ಕೇಬಲ್ ಟೈ ಬಿಗಿದು ಊರು ಮುಟ್ಟಿ, ತಪ್ಪಿಲ್ಲ. ಊರು ಮುಟ್ಟಿದ ಮೇಲೆ ಅದನ್ನು ಮರೆಯುವುದು ತಪ್ಪು.

ಇಸಿಎಂ ಕಡೆಯ ಪಿನ್ ಬಾಗಿದ್ದರೆ ನೋಸ್ ಪ್ಲೈಯರ್ ಹಾಕಬೇಡಿ. ಪಿನ್ ತೂರುವಷ್ಟು ಬಾಯಿ ಇರುವ ಸಣ್ಣ ಲೋಹದ ನಳಿಗೆ ಸಾಕು, ಸಿರಿಂಜಿನ ದಪ್ಪ ಸೂಜಿಯ ಮೊನೆ ಕತ್ತರಿಸಿ ಉಜ್ಜಿದರೂ ಆಗುತ್ತದೆ. ಪಿನ್ನಿನ ಮೇಲೆ ಹಾಕಿ, ಬುಡದಿಂದ ಮೆಲ್ಲಗೆ ಒಂದೇ ಸಲ ನೇರ ಮಾಡಿ. ಎರಡು ಮೂರು ಸಲ ಆ ಕಡೆ ಈ ಕಡೆ ಬಗ್ಗಿಸಿದರೆ ಮುರಿಯುತ್ತದೆ. ಮುರಿದರೆ ಅಲ್ಲಿಗೆ ನಿಲ್ಲಿಸಿ, ಅದು ಬೋರ್ಡ್ ಕೆಲಸ ಮಾಡುವವರ ಕೈಗೆ ಹೋಗಬೇಕು.

ಇನ್ನು ನೀರು ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ಇದನ್ನು ಬಿಟ್ಟರೆ ಗಾಡಿ ಮತ್ತೆ ಬರುತ್ತದೆ. ನಮ್ಮ ಘಾಟಿ ಲಾರಿಯಲ್ಲಿ ಕಿಲುಬು ಹಿಡಿದ ಟರ್ಮಿನಲ್ ಪಕ್ಕದ ಮನೆ ಖಾಲಿ, ವೈರ್ ಇಲ್ಲ. ಖಾಲಿ ಮನೆಗಳಿಗೆ ಒಂದು ಚಿಕ್ಕ ಪ್ಲಗ್ ಇರಬೇಕು, ಅದನ್ನು ಯಾರೋ ಟೆಸ್ಟ್ ಮಾಡಲು ಕಿತ್ತು ಎಸೆದಿದ್ದರು. ಪ್ರತಿ ವಾರ ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ನೀರು ನೇರ ಒಳಗೆ. ಪ್ಲಗ್ ಇಲ್ಲದಿದ್ದರೆ ಗಮ್ ತುಂಬಬೇಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ತಾಮ್ರವನ್ನೇ ತಿನ್ನುತ್ತದೆ. ಸೀಲಿನ ಅಂಚಿಗೆ ಸಿಲಿಕೋನ್ ಗ್ರೀಸ್ ಬೆರಳಲ್ಲಿ ಒಂದು ತೆಳು ಸವರು ಸಾಕು, ಪಿನ್‌ಗಳ ಮೇಲೆ ಮೆತ್ತಬೇಡಿ. ವೈರಿಂಗ್ ಕಟ್ಟು ಕಪ್ಲರಿಗೆ ಸೇರುವ ಮುಂಚೆ ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೆ ಹೋಗುವ ಹಾಗೆ ಕಟ್ಟಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕಪ್ಲರ್ ವಾಪಸ್ ಹಾಕುವಾಗ ಮೊದಲು ಕೈಯಲ್ಲಿ ನೇರವಾಗಿ ಕೂರಿಸಿ, ಆಮೇಲೆ ಲಿವರ್. ಲಿವರ್ ಅರ್ಧದಲ್ಲಿ ಬಿಗಿಯಾದರೆ ಬಲ ಹಾಕಬೇಡಿ, ಬಿಚ್ಚಿ ನೋಡಿ, ಯಾವುದೋ ಪಿನ್ ಬಾಗುತ್ತಿದೆ. ಕಿತ್ತ ಕ್ಲಾಂಪ್‌ಗಳನ್ನೆಲ್ಲಾ ವಾಪಸ್ ಹಾಕಿ. ಬ್ಯಾಟರಿ ಕೊಟ್ಟು, ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಹಳೆಯ ಕೋಡ್ ಅಳಿಸಿ. ಇಂಜಿನ್ ನಿಂತಿರುವಾಗ ರೈಲ್ ಪ್ರೆಶರ್ ಸಿಗ್ನಲ್ 0.5 ವೋಲ್ಟ್ ಆಸುಪಾಸು ಇರಬೇಕು. ಆಮೇಲೆ ಸ್ಟಾರ್ಟ್, ಮತ್ತೆ ಅದೇ ಅಲ್ಲಾಡಿಸುವ ಪರೀಕ್ಷೆ, ಆಮೇಲೆ ಲೋಡ್ ಸಮೇತ ಒಂದು ಏರು ಹತ್ತಿಸಿ ನೋಡಿ. ಖಾಲಿ ಗಾಡಿಯಲ್ಲಿ ಎಲ್ಲವೂ ಸರಿ ಅನ್ನಿಸುತ್ತದೆ.

ಬಾಡಿ ವೆಲ್ಡಿಂಗ್‌ಗೆ ಗಾಡಿ ಬಿಡುವಾಗ ಬ್ಯಾಟರಿ ತೆಗೆಸಿ, ಇಸಿಎಂ ಕಪ್ಲರ್ ಬಿಚ್ಚಿಸಿ, ವೆಲ್ಡಿಂಗ್ ಅರ್ಥನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ವಾಟರ್ ಸರ್ವಿಸ್ ಹುಡುಗನಿಗೆ ಇಸಿಎಂ ತೋರಿಸಿ, ಇಲ್ಲಿಗೆ ಗನ್ ಹಿಡಿಯಬೇಡ ಕಣೋ ಅಂತ ಹೇಳಿ, ಪ್ಲಾಸ್ಟಿಕ್ ಕವರ್ ಕಟ್ಟಿ ಕೊಡಿ. ರಿಪೇರಿ ಆಗಿ ಹದಿನೈದು ದಿನ ಆದ ಮೇಲೆ ಒಂದು ಸಲ ಕಪ್ಲರ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಆ ಲಾರಿಯದ್ದನ್ನು ಹಾಗೆ ಬಿಚ್ಚಿದಾಗ ಒಳಗೆ ಒಣಗಿತ್ತು, ಹೊಸ ಪ್ಲಗ್ ಜಾಗದಲ್ಲೇ ಇತ್ತು. ಡ್ರೈವರ್ ಇಣುಕಿ ನೋಡಿ, ಇಷ್ಟೇನಾ ಅಂದ.